ನೀರಿಗಿಳಿಯುವವನ ಸುಳ್ಳು

'ನಂದ ಜೀವ, ನಂದ ಹೊಣಿ. ನಿಮಗ್ಯಾಕ ಬೇಕ್ರಿ ಆ ಉಸಾಬರಿ?'

ಈ ಮಾತು ಈಗ ನಮ್ಮ ಕಡೆ ಬಹಳ ಚಲಾವಣೆಯಲ್ಲಿದೆ. ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವವನೂ ಇದನ್ನೇ ಹೇಳುತ್ತಾನೆ, ದವಡೆ ತೆರೆಯಲಾಗದಿದ್ದರೂ ಗುಟಕಾ ಬಿಡದವನೂ ಇದನ್ನೇ ಹೇಳುತ್ತಾನೆ. ಅವರೊಡನೆ ವಾದಕ್ಕಿಳಿಯುವ ಉಮೇದು ನನಗೆ ಉಳಿದಿಲ್ಲ. ಆದರೆ ಕಡಲಿನೊಳಗೆ ಮುಳುಗಿ ಬಂದ ತರುಣನೊಬ್ಬ, ಮುಳುಗುವ ಮೊದಲು ತನ್ನ ರೋಗವನ್ನು ಮುಚ್ಚಿಟ್ಟದ್ದಕ್ಕೆ ಸಮರ್ಥನೆಯಾಗಿ ಇದೇ ಮಾತನ್ನು ಆಡಿದಾಗ ಸುಮ್ಮನಿರುವುದು ಆಗಲಿಲ್ಲ. ಹೊಣೆ ಎಂಬುದು ತೂಕದ ಶಬ್ದ. ಅದನ್ನು ಇಷ್ಟು ಸೋವಿಯಾಗಿ ಬಳಸಬಾರದು.

ಕುಲಗೋಡಕ್ಕೂ ಕಡಲಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಈ ಊರಿನಿಂದ ಮುರುಡೇಶ್ವರಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ದಾರಿ. ನಮ್ಮ ಹಿರಿಯರಲ್ಲಿ ಬಹುಮಂದಿ ಕಡಲು ಕಾಣದೆಯೇ ಕಣ್ಣು ಮುಚ್ಚಿದರು. ಈಗ ಹಾಗಿಲ್ಲ. ಘಟಪ್ರಭೆಯ ಕಾಲುವೆ ನೀರು, ಕಬ್ಬಿನ ಬಿಲ್ಲು, ಮನೆ ಮುಂದೆ ನಿಂತ ಕಾರು ಇವೆಲ್ಲ ಸೇರಿ ನಮ್ಮ ಹುಡುಗರನ್ನು ಡಿಸೆಂಬರ್ ಬಂತೆಂದರೆ ಯಲ್ಲಾಪುರದ ಮೇಲೆ ಘಟ್ಟ ಇಳಿಸಿ ಕಡಲ ದಂಡೆಗೆ ಒಯ್ಯುತ್ತವೆ. ಮುರುಡೇಶ್ವರದ ಈಶ್ವರನಿಗೆ ಕೈ ಮುಗಿದದ್ದಾದ ಮೇಲೆ ದೋಣಿ ಹತ್ತಿ ನೇತ್ರಾಣಿ. ಕರಾವಳಿಯಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ಒಳಗಿರುವ ಈ ದ್ವೀಪ ಒಂದು ಕಾಲಕ್ಕೆ ನೌಕಾಪಡೆ ಗುರಿಯಿಟ್ಟು ಗುಂಡು ಹಾರಿಸಲು ಬಳಸುತ್ತಿದ್ದ ಜಾಗವೆಂದೇ ಸುದ್ದಿಯಲ್ಲಿರುತ್ತಿತ್ತು. ಈಗ ಅದು ಸ್ಕೂಬಾದ ಹೆಸರು. 2022ರ ಅಕ್ಟೋಬರ್ 28ರಂದು ತೆರೆಗೆ ಬಂದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ನೇತ್ರಾಣಿ ನಮ್ಮ ಚಹಾದಂಗಡಿಗಳಲ್ಲೂ ಪರಿಚಯದ ಮಾತಾಯಿತು.

ಹೋಗಲಿ, ನೋಡಲಿ. ಎರೆಭೂಮಿಯ ಹುಡುಗರು ಹವಳ ನೋಡಬಾರದು, ಬಣ್ಣದ ಮೀನು ನೋಡಬಾರದು ಎಂದು ಹೇಳುವ ಜಾತಿಯವನಲ್ಲ ನಾನು. ನನ್ನ ತಕರಾರು ದೋಣಿಯಲ್ಲಿ ಸಹಿ ಮಾಡುವ ಒಂದು ಕಾಗದದ ಬಗೆಗೆ.

ಸ್ಕೂಬಾಕ್ಕೆ ಇಳಿಯುವವನಿಗೆ ಮೊದಲು ಆರೋಗ್ಯದ ಪ್ರಶ್ನಾವಳಿಯೊಂದನ್ನು ಕೊಡುವುದು ಜಗತ್ತಿನಾದ್ಯಂತ ಇರುವ ಪದ್ಧತಿ. ತರಬೇತಿ ಸಂಸ್ಥೆಗಳು ಇಂದು ವ್ಯಾಪಕವಾಗಿ ಬಳಸುವ ನಮೂನೆ 2020ರಲ್ಲಿ ಪರಿಷ್ಕಾರವಾದದ್ದು. ಮೊದಲ ಪುಟದಲ್ಲಿ ಹತ್ತೇ ಪ್ರಶ್ನೆ. ಉಸಿರಾಟದ, ಗುಂಡಿಗೆಯ ತೊಂದರೆ ಇದೆಯೆ? ವಯಸ್ಸು 45 ದಾಟಿದೆಯೆ? 1.6 ಕಿಲೋಮೀಟರನ್ನು 14 ನಿಮಿಷದಲ್ಲಿ ನಡೆಯುವುದೋ, ನಿಲ್ಲದೆ 200 ಮೀಟರ್ ಈಜುವುದೋ ಕಷ್ಟವೆ? ಕಿವಿ, ಮೂಗು, ಕಣ್ಣಿನ ತೊಂದರೆ? ವರ್ಷದೊಳಗೆ ಶಸ್ತ್ರಚಿಕಿತ್ಸೆ? ಎಚ್ಚರ ತಪ್ಪಿದ್ದು, ಫಿಟ್ಸ್ ಬಂದದ್ದು? ಮನಸ್ಸಿನ ಕಾಯಿಲೆ? ಬೆನ್ನು, ಅಂಡವಾಯು, ಸಕ್ಕರೆ? ಹೊಟ್ಟೆಯ ತೊಂದರೆ? ಡಾಕ್ಟರ್ ಬರೆದುಕೊಟ್ಟ ಗುಳಿಗೆ ನಡೆದಿದೆಯೆ? ಎಲ್ಲಕ್ಕೂ 'ಇಲ್ಲ' ಎಂದರೆ ನೇರವಾಗಿ ನೀರಿಗೆ. ಕೆಲವಕ್ಕೆ 'ಹೌದು' ಎಂದರೆ ಇನ್ನಷ್ಟು ಪ್ರಶ್ನೆ, ಕೆಲವಕ್ಕೆ 'ಹೌದು' ಎಂದರೆ ವೈದ್ಯನ ಒಪ್ಪಿಗೆ ಬೇಕು. ಇದನ್ನು ಚೆನ್ನಾಗಿ ಗಮನಿಸಬೇಕು: 'ಹೌದು' ಎಂಬ ಉತ್ತರ ಬಾಗಿಲು ಮುಚ್ಚುವುದಿಲ್ಲ, ವೈದ್ಯನ ಕಡೆ ಕಳಿಸುತ್ತದೆ, ಅಷ್ಟೆ. ದಮ್ಮು ಹತೋಟಿಯಲ್ಲಿದ್ದವರನ್ನು, ಸಕ್ಕರೆ ಹಿಡಿತದಲ್ಲಿದ್ದವರನ್ನು ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವ ವೈದ್ಯರಿದ್ದಾರೆ.

ನಾನು ಹೇಳಿದ ತರುಣ ನಮ್ಮ ಪಕ್ಕದ ಊರಿನವನು. ಚಿಕ್ಕಂದಿನಿಂದ ದಮ್ಮು, ಮಳೆಗಾಲ, ಚಳಿಗಾಲ ಪಂಪು ಕಿಸೆಯಲ್ಲೇ ಇರಬೇಕು. ಆರು ಮಂದಿ ಗೆಳೆಯರು, ಮುಂಗಡ ಹಣ ಕೊಟ್ಟಾಗಿದೆ, ದೋಣಿ ಹೊರಟಾಗಿದೆ. ಅಲೆಯ ಮೇಲೆ ದೋಣಿ ಕುಣಿಯುತ್ತಿರುವಾಗ ಇಂಗ್ಲಿಷಿನ ಕಾಗದ ಕೈಗೆ ಬಂತು. ಒಬ್ಬ 'ಎಲ್ಲಾ ನೋ ಬರಿ' ಎಂದ. ಆರೂ ಮಂದಿ ಮೇಲಿನಿಂದ ಕೆಳಗಿನವರೆಗೆ 'ನೋ' ಬರೆದು ಸಹಿ ಒತ್ತಿದರು. ಇವನ ಪಂಪು ಚೀಲದೊಳಗೆ, ಚೀಲ ದೋಣಿಯೊಳಗೆ, ಇವನು ನೀರೊಳಗೆ. ಐದಾರು ಮೀಟರ್ ಇಳಿದಿರಬೇಕು, ಎದೆ ಬಿಗಿಯಿತು. ಬಾಯೊಳಗಿನ ನಳಿಗೆ ಕಿತ್ತೆಸೆದು ಮೇಲಕ್ಕೆ ನುಗ್ಗಲು ಕೈಕಾಲು ಬಡಿದ. ಜೊತೆಗಿದ್ದ ತರಬೇತುದಾರ ಇವನನ್ನು ಅವಚಿ ಹಿಡಿದು, ನಳಿಗೆಯನ್ನು ಮತ್ತೆ ಬಾಯಿಗೆ ತುರುಕಿ, ಒದೆಸಿಕೊಳ್ಳುತ್ತಲೇ ಮೇಲೆ ತಂದ. ತರುಣ ಬದುಕಿದ. ತರಬೇತುದಾರನ ಮೂಗಿನಿಂದ ರಕ್ತ ಬಂದಿತ್ತು, ಒಂದು ಕಿವಿ ಕೇಳುತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವನು ನೀರಿಗಿಳಿಯಲಿಲ್ಲವೆಂದು ಗೆಳೆಯರಿಂದಲೇ ತಿಳಿಯಿತು. ಮುಳುಗಿದರೆ ಮಾತ್ರ ದುಡಿಮೆ ಇರುವ, ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸಿನ ಕರಾವಳಿಯ ಹುಡುಗ ಅವನು.

ಈ ಕಥೆಯನ್ನು ನಮ್ಮ ತರುಣ ಸಾಹಸವೆಂದು ಹೇಳುತ್ತ ತಿರುಗುತ್ತಿದ್ದ. 'ದಮ್ಮು ಇದ್ದದ್ದನ್ನ ಹೇಳಬಾರದಿತ್ತೇನೋ?' ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನೇ ನಾನು ಮೊದಲು ಬರೆದದ್ದು.

ನಿನ್ನ ಜೀವ ನಿನ್ನ ಹೊಣೆ, ಸರಿ. ಆ ಹುಡುಗನ ಕಿವಿ ಯಾರ ಹೊಣೆ?

ಬಾವಿಯಲ್ಲಿ ಈಜು ಕಲಿತ ಊರು ನಮ್ಮದು. ಬೆನ್ನಿಗೆ ಬೆಂಡು ಕಟ್ಟಿಕೊಂಡು, ಮಾವನಿಂದಲೋ ಕಾಕಾನಿಂದಲೋ ಹಿಂದಿನಿಂದ ನೂಕಿಸಿಕೊಂಡು ಕಲಿತವರು ನಾವು. ಹಾಗೆ ನೂಕುವ ಮೊದಲು ಹಿರಿಯರು 'ಕಿವಿ ಸೋರತಾವೇನ? ಊಟಾ ಮಾಡೀಯೇನ?' ಎಂದು ಎರಡು ಪ್ರಶ್ನೆ ಕೇಳುತ್ತಿದ್ದರು. ಕಾಗದವಿರಲಿಲ್ಲ, ಸಹಿಯಿರಲಿಲ್ಲ. ಆದರೆ ಸುಳ್ಳು ಹೇಳಿದರೆ ಆಮೇಲೆ ಸಿಗುವ ಏಟು ಗೊತ್ತಿತ್ತು. ಬಾವಿಯಲ್ಲಿ ಒಬ್ಬ ಮುಳುಗಿದರೆ ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಹೋಗುತ್ತಾನೆ ಎಂಬುದನ್ನು ಕಣ್ಣಾರೆ ಕಂಡ ಜನ ಅವರು. ಇವತ್ತೂ ಕೃಷಿಹೊಂಡದ ಸುದ್ದಿ ಓದಿ ನೋಡಿ, ಎಷ್ಟೋ ಸಲ ಒಂದು ಹೆಣಕ್ಕೆ ಇನ್ನೊಂದು ಜೊತೆಯಾಗಿರುತ್ತದೆ. ನೀರೊಳಗೆ ಯಾರೂ ಒಬ್ಬಂಟಿಯಾಗಿ ಸಾಯುವ ಖಾತ್ರಿ ಕೊಡಲಾರರು. ಹೀಗಿರುವಾಗ 'ನನ್ನ ಜೀವ' ಎಂಬ ಮಾತಿಗೆ ದಂಡೆಯ ಮೇಲೆ ಇರುವಷ್ಟು ಅರ್ಥವೂ ನೀರೊಳಗೆ ಇಲ್ಲ.

'ನಾವು ನಲವತ್ತು ಅಡಿ ಬಾವಿಯ ತಳ ಮುಟ್ಟಿ ಬಂದವರು, ಕಡಲೇನು ಲೆಕ್ಕ?' ಎನ್ನುವವರು ಇನ್ನೊಂದು ಗುಂಪು. ಇವರಿಗೆ ಸ್ವಲ್ಪ ಲೆಕ್ಕವನ್ನೇ ಹೇಳಬೇಕಾಗುತ್ತದೆ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಂಡೆಯ ಮೇಲಿದ್ದುದರ ಎರಡು ಪಟ್ಟಾಗುತ್ತದೆ. ಬಾವಿಗೆ ಧುಮುಕುವವನು ದಂಡೆಯ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಹೋಗುತ್ತಾನೆ. ಆಳದಲ್ಲಿ ಅದು ಹಿಂಡಿ ಚಿಕ್ಕದಾಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಜಾಸ್ತಿಯಾಗುವ ಮಾತೇ ಇಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಅಲ್ಲಿ ಹತ್ತು ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಉಸಿರು ಎಳೆದುಕೊಂಡಿರುತ್ತೀರಿ. ಆ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಬೇಕು. ಉಸಿರು ಬಿಡುತ್ತ ಬಂದರೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಹೆದರಿ ಬಾಯಿ ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಪುಪ್ಪುಸ ಹರಿಯುತ್ತದೆ, ಗಾಳಿ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ಬಹಳ ಆಳ ಬೇಕಾಗಿಯೇ ಇಲ್ಲ. ಒಂದೆರಡು ಮೀಟರ್ ನೀರಿನಲ್ಲೂ ಆಗಬಹುದೆಂದು ವೈದ್ಯರು ಹೇಳುತ್ತಾರೆ. ಬಾವಿಯಲ್ಲಿ ನಮ್ಮನ್ನು ಬದುಕಿಸಿದ, ಉಸಿರು ಬಿಗಿಹಿಡಿಯುವ ಅಭ್ಯಾಸವೇ ಇಲ್ಲಿ ಕೊಲ್ಲುವುದು. ಎಂತಹ ಈಜುಗಾರನಾದರೂ ಇಲ್ಲಿ ಹೊಸಬನೇ.

ಈಗ ದಮ್ಮಿನವನ ವಿಚಾರ. ದಮ್ಮು ಎದ್ದಾಗ ಉಸಿರು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ, ಆ ಅನುಭವ ಇದ್ದವರಿಗೆ ಗೊತ್ತು. ಸಿಲಿಂಡರಿನ ಗಾಳಿ ಒಣಗಿದ್ದು, ತಂಪಾದದ್ದು. ಜೊತೆಗೆ ಒಂದು ಗುಟುಕು ಉಪ್ಪುನೀರು, ಒಂದಿಷ್ಟು ಗಾಬರಿ. ದಮ್ಮು ಎಬ್ಬಿಸಲು ಇನ್ನೇನು ಬೇಕು? ಬಿಗಿದ ನಳಿಕೆಗಳ ಹಿಂದೆ ಸಿಕ್ಕಿಬಿದ್ದ ಗಾಳಿ, ಮೇಲೆ ಬರುವಾಗ ಹಿಗ್ಗುವುದಕ್ಕೆ ದಾರಿಯಿಲ್ಲದೆ ಹರಿದುಕೊಂಡೇ ಹೊರಬೀಳುತ್ತದೆ. ಫಿಟ್ಸ್ ಇದ್ದವನಿಗೆ ದಂಡೆಯ ಮೇಲೆ ಬಂದರೆ ಅದು ಎರಡು ನಿಮಿಷದ ಮಾತು. ನೀರೊಳಗೆ ಬಂದರೆ ಬಾಯಿಯ ನಳಿಗೆ ಜಾರುತ್ತದೆ, ಮುಂದೆ ಹೇಳುವುದು ಬೇಡ. ಗುಂಡಿಗೆಯದು ಇನ್ನೂ ಗುಟ್ಟಿನ ವ್ಯವಹಾರ. ನೀರಿಗಿಳಿದೊಡನೆ ಕೈಕಾಲಿನ ರಕ್ತ ಎದೆಯ ಕಡೆಗೆ ಒತ್ತಿ ಬರುತ್ತದೆ, ಗುಂಡಿಗೆಗೆ ಕೆಲಸ ಹೆಚ್ಚುತ್ತದೆ. ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 947 ಸ್ಕೂಬಾ ಸಾವುಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣ ಹಚ್ಚಲು ಸಾಧ್ಯವಾದವುಗಳಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಗುಂಡಿಗೆಯ ತೊಂದರೆಯವು ಎಂದು ಕಂಡಿತು. ನಲವತ್ತು ದಾಟಿದವರಿಗೆ ಅಪಾಯ ಹೆಚ್ಚು ಎಂದೂ ಕಂಡಿತು. ಪ್ರಶ್ನಾವಳಿಯಲ್ಲಿ ವಯಸ್ಸು ಕೇಳುವುದು ಯಾರನ್ನೂ ಮುದುಕನೆಂದು ಹೀಯಾಳಿಸಲಿಕ್ಕಲ್ಲ.

ನಮ್ಮವರಿಗೆ ಗುಂಡಿಗೆಯ ಭಯ ಇಲ್ಲವೆಂದಲ್ಲ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿಗೇ ಪುನೀತ್ ಹೃದಯಸ್ತಂಭನದಿಂದ ತೀರಿಕೊಂಡಾಗ (ಆ ಸಾವಿಗೂ ಕಡಲಿಗೂ ಯಾವ ಸಂಬಂಧವೂ ಇಲ್ಲ, ಯಾರೂ ಹಚ್ಚಬಾರದು) ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ತೋರಿಸಿಕೊಳ್ಳಲು ಬಂದವರ ಸಾಲು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ನಮ್ಮ ಕಡೆಯೂ ಇ.ಸಿ.ಜಿ. ಮಾಡಿಸಿಕೊಂಡವರು ಕಡಿಮೆಯೇನಿಲ್ಲ. ಬಿ.ಪಿ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುವ ಅದೇ ಮನುಷ್ಯ ದೋಣಿಯಲ್ಲಿ ಕುಳಿತು 'ಔಷಧಿ ತೆಗೆದುಕೊಳ್ಳುತ್ತಿದ್ದೀರಾ?' ಎಂಬುದರ ಮುಂದೆ 'ಇಲ್ಲ' ಎಂದು ಗೀಚುತ್ತಾನಲ್ಲ, ಇದಕ್ಕೆ ಏನೆನ್ನೋಣ?

ರೋಗ ಮುಚ್ಚುವುದು ನಮಗೆ ಅಭ್ಯಾಸವಾಗಿದೆ. ಅದಕ್ಕೆ ಕಾರಣವೂ ಇದೆ, ಆ ಕಾರಣವನ್ನು ಅಲ್ಲಗಳೆಯುವಷ್ಟು ಕಠಿಣ ನಾನಾಗಲಾರೆ. ಮದುವೆಯ ಮಾತುಕತೆಗೆ ಕೂತಾಗ ಹುಡುಗಿಗೆ ಫಿಟ್ಸ್ ಇದೆ ಎಂದು ಯಾವ ತಂದೆ ಬಾಯಿ ಬಿಟ್ಟಾನು? ಕಾನೂನೇ ಆ ಬಾಯಿ ಹೊಲಿದಿತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿ, ಪದೇ ಪದೇ ಬರುವ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿ ಕೂರಿಸಿ ಮದುವೆಗೆ ಅಡ್ಡಿಯೆಂದು ಸಾರಿತು. 1999ರಲ್ಲಿ ಆ ಶಬ್ದವನ್ನು ಕಿತ್ತುಹಾಕಿದರು. ಕಾಯ್ದೆಯಿಂದ ಹೋದದ್ದು ಮನೆಗಳಿಂದ ಇನ್ನೂ ಹೋಗಿಲ್ಲ. ಇನ್ನು ವಿಮೆಯ ಅರ್ಜಿ. ಏಜೆಂಟನೇ 'ಸಕ್ಕರಿ ಅದ ಅಂತ ಬರೀಬ್ಯಾಡ್ರಿ' ಎಂದು ಕಿವಿಯೂದಿದ್ದನ್ನು ಕೇಳದವರು ಯಾರು? 2009ರಲ್ಲಿ ಸುಪ್ರೀಂ ಕೋರ್ಟು ಒಂದು ಮೆಡಿಕ್ಲೇಮ್ ಪ್ರಕರಣದಲ್ಲಿ, ಸಕ್ಕರೆ ಮತ್ತು ಮೂತ್ರಪಿಂಡದ ಕಾಯಿಲೆಯನ್ನು ಅರ್ಜಿಯಲ್ಲಿ ಹೇಳದಿದ್ದವರಿಗೆ ಕಂಪನಿ ಹಣ ಕೊಡದಿದ್ದುದು ಸರಿಯೇ ಎಂದು ತೀರ್ಪು ಕೊಟ್ಟಿತು. ಆದರೂ ಕಿವಿಯೂದುವುದು ನಿಂತಿಲ್ಲ.

ಕುಲಗೋಡ ತಮ್ಮಣ್ಣನ ಊರು ನಮ್ಮದು. ಒಂದು ಹೂವಿನ ಸಲುವಾಗಿ ಸತ್ಯಭಾಮೆಯ ಮುಂದೆ ಮಾತು ಮರೆಸಲು ಹೆಣಗುವ ಕೃಷ್ಣನನ್ನು ಪಾರಿಜಾತದಾಟದಲ್ಲಿ ನೋಡಿ ಬೆಳತನಕ ನಕ್ಕವರು ನಾವು. ಮರೆಸುವ ಮಾತಿನಲ್ಲೂ ಸೊಗಸಿದೆ ಎಂದು ಬಲ್ಲವರು. ಹಾಗೆಂದು ಎಲ್ಲ ಮುಚ್ಚುಮರೆಯೂ ಒಂದೇ ತೂಕದ್ದಲ್ಲ. ಮದುವೆಯಲ್ಲಿ ಮುಚ್ಚಿಟ್ಟವನು ಅವಮಾನಕ್ಕೆ ಅಂಜಿ ಮುಚ್ಚಿಟ್ಟ; ಅವನ ಮೇಲೆ ಕರುಣೆ ಬರುತ್ತದೆ. ದೋಣಿಯಲ್ಲಿ ಮುಚ್ಚಿಟ್ಟವನು ಏನಕ್ಕೆ ಅಂಜಿದ? ಫೋಟೋ ತಪ್ಪುತ್ತದೆಂದು. ಗೆಳೆಯರು ನಗುತ್ತಾರೆಂದು. ಇದಕ್ಕೆ ಕರುಣೆ ತೋರಿಸುವುದು ನನ್ನಿಂದಾಗದು.

ಇನ್ನು ಕಾಗದ ಕೊಟ್ಟವರ ಸರದಿ. ಅವರನ್ನು ಬಿಟ್ಟರೆ ಅರ್ಧ ನ್ಯಾಯವಾಗುತ್ತದೆ.

ಹಣ ಮೊದಲೇ ಪಡೆದು, ದಂಡೆ ಬಿಟ್ಟ ಮೇಲೆ, ಹೊಟ್ಟೆ ತೊಳಸುತ್ತಿರುವಾಗ, ಓದಲು ಬಾರದ ಭಾಷೆಯ ಕಾಗದ ಕೊಟ್ಟು 'ಇಲ್ಲಿ ಸೈನ್ ಮಾಡಿ' ಎನ್ನುವುದಕ್ಕೆ ವಿಚಾರಣೆ ಎಂದು ಹೆಸರಿಡಬಾರದು. ಅದು ತಮ್ಮ ತಲೆ ಉಳಿಸಿಕೊಳ್ಳುವ ಹಂಚಿಕೆ. ಎಲ್ಲ ದೋಣಿಯವರೂ ಹೀಗೆ ಎನ್ನುವುದಿಲ್ಲ, ಬುಕಿಂಗ್ ಹೊತ್ತಿನಲ್ಲೇ ಕೇಳುವವರೂ ಇದ್ದಾರೆ. ಹೀಗೆ ಮಾಡುವವರು ಮಾತ್ರ ಒಂದು ತಿಳಿದಿರಬೇಕು. ಸಹಿ ಪಡೆದ ಮಾತ್ರಕ್ಕೆ ಅವರ ನಿರ್ಲಕ್ಷ್ಯ ತೊಳೆದುಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಲಕ್ಷ್ಯವನ್ನಷ್ಟೇ ಅಲ್ಲ, ಗ್ರಾಹಕನಿಗೆ ಹೇಳಬೇಕಾದದ್ದನ್ನು ಬೇಕೆಂದೇ ತಡೆಹಿಡಿಯುವುದನ್ನೂ ಸೇವೆಯ ಕೊರತೆ ಎಂದೇ ಕರೆಯುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿಗಳನ್ನು ಹೊರತಂದಿದೆ, ಅದರಲ್ಲಿ ಸ್ಕೂಬಾ ಕೂಡ ಸೇರಿದೆ. ಮಾರ್ಗಸೂಚಿ ಎಂದರೆ ಮಾರ್ಗ ತೋರಿಸುವ ಸೂಚಿ. ನಡೆಯಲೇಬೇಕೆಂದು ಬೆನ್ನಿಗೆ ಬೀಳುವ ಬೆತ್ತವಲ್ಲ. ಅದನ್ನು ಬೆತ್ತವಾಗಿ ಮಾಡುವುದು ಸರಕಾರದ ಕೆಲಸ.

ಕನ್ನಡದ ಕಡಲಲ್ಲಿ ಕನ್ನಡಿಗನಿಗೆ ಕೊಡುವ ಕಾಗದ ಕನ್ನಡದಲ್ಲಿರಬೇಕು ಎಂಬುದನ್ನು ಭಾಷಾಭಿಮಾನದ ಮಾತೆಂದು ತಿಳಿಯಬೇಡಿ, ಇದು ಪ್ರಾಣದ ಮಾತು. ಅದೂ ಎಂತಹ ಕನ್ನಡ? 'ಶ್ವಾಸಕೋಶ ಸಂಬಂಧಿತ ವ್ಯಾಧಿಗಳಿಂದ ಬಾಧಿತರಾಗಿದ್ದೀರಾ?' ಎಂದು ಕೇಳಿದರೆ ನಮ್ಮ ಕಡೆಯ ಯಾವ ಗಂಡುಮಗನೂ ಹೌದೆನ್ನುವುದಿಲ್ಲ. ತನಗೆ ಅಷ್ಟು ದೊಡ್ಡ ಹೆಸರಿನ ರೋಗ ಇಲ್ಲವೆಂದೇ ಅವನ ನಂಬಿಕೆ. 'ದಮ್ಮು ಐತೇನ್ರಿ? ಪಂಪ್ ಹೊಡಕೊಂತೀರೇನು?' ಎಂದು ಕೇಳಿ, ಉತ್ತರ ತಾನಾಗಿ ಬರುತ್ತದೆ. ನಮ್ಮ ದವಾಖಾನೆಗಳಲ್ಲೂ ಇದೇ ಕಥೆ; ಬುದ್ಧಿವಂತ ನರ್ಸಮ್ಮಂದಿರು ಎಂದೋ ಕಲಿತ ಪಾಠವನ್ನು ಅಚ್ಚಿನ ಕಾಗದಗಳು ಇನ್ನೂ ಕಲಿತಿಲ್ಲ.

ಇಷ್ಟೆಲ್ಲ ಅವರ ತಪ್ಪನ್ನು ಪಟ್ಟಿ ಮಾಡಿದೊಡನೆ ನಮ್ಮ ತರುಣ 'ನೋಡ್ರಿ ಮತ್ತ, ತಪ್ಪು ಅವರದು' ಎಂದು ಎದ್ದು ನಿಲ್ಲುತ್ತಾನೆ. ಕುಳಿತುಕೊಳ್ಳಪ್ಪಾ. ಕಾಗದ ಇಂಗ್ಲಿಷಿನಲ್ಲಿತ್ತು, ಒಪ್ಪಿದೆ. ನೀನು ಇಂಜಿನಿಯರಿಂಗ್ ಓದಿದವನು, ಆಸ್ತಮಾ ಎಂಬ ಶಬ್ದ ನಿನಗೆ ಓದಲು ಬರಲಿಲ್ಲವೆ? ಚೀಲದಲ್ಲಿ ಪಂಪು ಇಟ್ಟುಕೊಂಡದ್ದು ಯಾಕೆ? ನಿನ್ನ ದಮ್ಮಿನ ವಿಚಾರ ಆ ದೋಣಿಯಲ್ಲಿ ನಿನಗಲ್ಲದೆ ಯಾರಿಗೆ ಗೊತ್ತಿತ್ತು? ಸಿಲಿಂಡರಿನ ಗಾಳಿ ಎಷ್ಟಿದೆ ಎಂದು ಅವರು ನೋಡಬಹುದು, ಪಟ್ಟಿ ಬಿಗಿದಿದೆಯೆ ಎಂದು ನೋಡಬಹುದು. ನಿನ್ನ ಎದೆಯೊಳಗೆ ಇಣುಕಿ ನೋಡುವ ಕನ್ನಡಿ ಅವರಲ್ಲಿಲ್ಲ. ಅಪಾಯ ತಿಳಿದವನು ನೀನೊಬ್ಬನೇ ಇದ್ದಾಗ, ತಿಳಿಸುವ ಹೊಣೆಯನ್ನು ಬೇರೆ ಯಾರಿಗೆ ಹೊರಿಸುತ್ತೀ? ಅವರು ಕೇಳಿದ್ದು ಕೆಟ್ಟ ರೀತಿಯಲ್ಲಿ, ನೀನು ಹೇಳಿದ್ದು ಸುಳ್ಳು. ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ.

ಮತ್ತು ಇದು ನಡೆಯುವುದೆಲ್ಲಿ ಎಂಬುದನ್ನೂ ನೆನಪಿಡಬೇಕು. ನೇತ್ರಾಣಿಯ ಪಕ್ಕದಲ್ಲಿ ದವಾಖಾನೆಯಿಲ್ಲ. ದಂಡೆಗೆ ಬರಲು ದೋಣಿಯಲ್ಲಿ ಒಂದು ತಾಸಿನ ಆಸುಪಾಸು ಬೇಕು. ದಂಡೆಯಿಂದ ದೊಡ್ಡ ಆಸ್ಪತ್ರೆಯೆಂದರೆ ಮಣಿಪಾಲ, ಮತ್ತೆ ನೂರು ಕಿಲೋಮೀಟರ್. ತಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು ವರ್ಷಗಟ್ಟಲೆ ಕೂಗಿದ್ದಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ಅಲ್ಲಿನ ಜನ ಹುಟ್ಟಿದ ಊರೆಂಬ ಕಾರಣಕ್ಕೆ ಆ ಅಪಾಯದಲ್ಲಿ ಬದುಕುತ್ತಾರೆ. ನಾವು ದುಡ್ಡು ಕೊಟ್ಟು ಅದರೊಳಗೆ ಹೋಗುತ್ತೇವೆ, ಸುಳ್ಳು ಬೇರೆ ಹೇಳುತ್ತೇವೆ.

ಘಟ್ಟದ ಮೇಲಿನವರಾದ ನಮಗೆ ಇನ್ನೊಂದು ಮಾತೂ ಇದೆ. ಮುಳುಗಿದವರು ಹನ್ನೆರಡು ತಾಸಾದರೂ ವಿಮಾನ ಹತ್ತಬಾರದು, ಹಲವು ಸಲ ಮುಳುಗಿದ್ದರೆ ಹದಿನೆಂಟು ತಾಸು ಎನ್ನುತ್ತಾರೆ. ಒತ್ತಡದಲ್ಲಿ ಮೈಗೆ ಇಳಿದ ಸಾರಜನಕ ಎತ್ತರಕ್ಕೆ ಹೋದಾಗ ಗುಳ್ಳೆಯಾಗಿ ಸಂದುಗಳಲ್ಲಿ, ನರಗಳಲ್ಲಿ ಸೇರೀತೆಂದು. ಈ ಎಚ್ಚರಿಕೆ ಸಮುದ್ರಮಟ್ಟದಿಂದ ಆರುನೂರು ಮೀಟರ್ ಮೇಲಕ್ಕೆ ಅನ್ವಯಿಸುತ್ತದೆ. ಧಾರವಾಡ ಏಳುನೂರು ಮೀಟರಿಗೂ ಮೇಲಿದೆ, ನಮ್ಮ ವಾಪಸಿನ ದಾರಿ ಅದರ ಮೇಲೆಯೇ. ಮೊದಲ ಸಲದವರು ಇಳಿಯುವ ಹತ್ತು ಹನ್ನೆರಡು ಮೀಟರಿನೊಂದು ಮುಳುಗಿಗೆ ಈ ಅಪಾಯ ಅಲ್ಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಆ ದಿನ ರಾತ್ರಿಯೇ ಕಾರು ಓಡಿಸಿಕೊಂಡು ಊರಿಗೆ ಮರಳುವ ನಮ್ಮವರಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದಾರೆ? ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ.

ಆಗಬೇಕಾದದ್ದು ಬೆಟ್ಟದಷ್ಟೇನಲ್ಲ. ಪ್ರಶ್ನಾವಳಿ ಹಣ ಪಡೆಯುವ ಮೊದಲು, ಊರಿನಲ್ಲಿರುವಾಗಲೇ, ಕನ್ನಡದಲ್ಲಿ ಕೈಸೇರಬೇಕು. 'ಹೌದು' ಎಂದು ಬರೆದವನನ್ನು ವೈದ್ಯ ಬೇಡವೆಂದರೆ ಅವನ ಮುಂಗಡವನ್ನು ಪೂರ್ತಿ ಹಿಂತಿರುಗಿಸಬೇಕು. ನನ್ನ ಮಟ್ಟಿಗೆ ಎಲ್ಲದರ ಗಂಟು ಇಲ್ಲಿಯೇ ಇರುವುದು. ನಾಲ್ಕೈದು ಸಾವಿರ ನೀರಿಗೆ ಹೋಯಿತೆಂಬ ಸಂಕಟದಲ್ಲಿ ಎಷ್ಟೋ 'ಹೌದು'ಗಳು 'ಇಲ್ಲ'ಗಳಾಗಿವೆ. ನಿಜ ಹೇಳಿದವನು ದೋಣಿಯಲ್ಲೇ ಕೂತು ಗೆಳೆಯರ ಚೀಲ ಕಾಯುವುದಾದರೆ ಅವನನ್ನು ನೋಡಿ ನಗದಷ್ಟು ದೊಡ್ಡತನ ಉಳಿದ ಐವರಿಗೆ ಬೇಕು. ಇದಕ್ಕೆ ಯಾವ ಕಾಯ್ದೆಯೂ ಇಲ್ಲ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ದಸರೆಯ ಸುಮಾರಿಗೆ ಮತ್ತೆ ಶುರು. ನಮ್ಮ ತರುಣ ಈ ಸಲವೂ ಹೋಗುವವನಿದ್ದಾನಂತೆ. ಪುಪ್ಪುಸದ ಶಕ್ತಿ ಅಳೆಯಲು ನಳಿಗೆಯೊಂದರಲ್ಲಿ ಊದಿಸುವ ಪರೀಕ್ಷೆಗೆ ಗೋಕಾಕಕ್ಕೋ ಬೆಳಗಾವಿಗೋ ಹೋಗಿಬರಲು ಅವನಿಗೆ ಹಿಡಿಯುವುದು ಒಂದು ದಿನ. ಅದನ್ನು ಮಾಡಿಸಿ, ಚೀಟಿ ಹಿಡಿದು, ದೋಣಿ ಹತ್ತುವ ಮೊದಲು ಆ ಕಿವಿಯ ಹುಡುಗನಿಗೆ ತೋರಿಸಲಿ. ಅವನು ಈಗ ಮತ್ತೆ ಮುಳುಗುತ್ತಿದ್ದಾನೆಯೋ ಇಲ್ಲವೋ ಎಂದು ವಿಚಾರಿಸಿಕೊಂಡೂ ಬರಲಿ; ಇಷ್ಟು ದಿನವಾದರೂ ಈ ಆರು ಮಂದಿಯಲ್ಲಿ ಒಬ್ಬನೂ ಒಂದು ಫೋನ್ ಮಾಡಿಲ್ಲ.